ಕಾಯಿಲೆಯ ಚುಕ್ಕಿ ನಕ್ಷೆಯಲ್ಲಿ ಬೀಳಲಿ, ನಕ್ಷೆ ಮಾತ್ರ ನಮ್ಮ ಕೈಯಲ್ಲಿರಲಿ



2022ನೇ ಇಸವಿ ನಿಮಗೆ ಮರೆತಿರಲಿಕ್ಕಿಲ್ಲ. ಚರ್ಮಗಂಟು ರೋಗ ಜಿಲ್ಲೆಯಿಂದ ಜಿಲ್ಲೆಗೆ ಹಬ್ಬಿ, ದನದ ಸಂತೆ, ಜಾತ್ರೆಗಳನ್ನು ನಿಲ್ಲಿಸಿದ ವರ್ಷ ಅದು. ಆಗ ನಮ್ಮ ಡೇರಿಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ನಡೆಯುತ್ತಿದ್ದುದನ್ನು ಜ್ಞಾಪಿಸಿಕೊಳ್ಳಿ. ಬೆಳಗಿನ ಹಾಲು ಹಾಕಿ ಬಂದವರು ಯಾರೋ ಹಸುವಿನ ಮೈಮೇಲಿನ ಗಂಟಿನ ಫೋಟೋ ಹಾಕುತ್ತಿದ್ದರು. ಅದರ ಕೆಳಗೆ ಹತ್ತು ಮಂದಿ ಕೈಮುಗಿಯುವ ಚಿತ್ರ, ಇಬ್ಬರು ಬೇವು ಅರಿಶಿನದ ಮದ್ದು, ಒಬ್ಬರು ಶುಭೋದಯ. ಸಂಜೆ ಹೊತ್ತಿಗೆ ಆ ಫೋಟೋ ಎಲ್ಲೋ ಮೇಲಕ್ಕೆ ಹೋಗಿಬಿಟ್ಟಿರುತ್ತಿತ್ತು. ಮೂರು ದಿನ ಬಿಟ್ಟು ಡಾಕ್ಟರು ಬಂದು, "ಯಾವ ಕೇರಿ, ಯಾವತ್ತು ಶುರುವಾಯ್ತು, ಪಕ್ಕದ ಕೊಟ್ಟಿಗೆಯಲ್ಲಿ ಏನಿದೆ?" ಎಂದು ಕೇಳಿದರೆ, ಗುಂಪಿನಲ್ಲಿದ್ದ ಎಂಬತ್ತು ಜನರಲ್ಲಿ ಉತ್ತರ ಕೊಡುವವರು ಯಾರು?

ಕಾಯಿಲೆಗೆ ಒಂದು ಜಾಗ ಇರುತ್ತದೆ, ಒಂದು ದಿನಾಂಕ ಇರುತ್ತದೆ. ನಮ್ಮ ಮಾತಿನಲ್ಲಿ ಇವೆರಡೂ ಕಳೆದುಹೋಗುತ್ತವೆ. ಇವೆರಡನ್ನೂ ಹಿಡಿದಿಡಲು ಈಗ ಕಾಸು ಖರ್ಚಿಲ್ಲದ ಒಂದು ಉಪಾಯ ಇದೆ. ಅದು ಎಲ್ಲರೂ ಸೇರಿ ಗುರುತು ಹಾಕಬಹುದಾದ ಆನ್‌ಲೈನ್ ನಕ್ಷೆ. ಪ್ರತಿಯೊಂದು ಮಹಿಳಾ ಡೇರಿಯೂ ಇಂಥದ್ದೊಂದನ್ನು ಇಟ್ಟುಕೊಂಡು, ತಿಂಗಳಿಗೊಮ್ಮೆ ಡಾಕ್ಟರ ಜೊತೆ ಕೂತು, ಕಾಯಿಲೆ ಬಿದ್ದ ರಾಸುಗಳ ಬಗ್ಗೆ ಅದನ್ನು ನೋಡಿಕೊಂಡೇ ಮಾತಾಡಬೇಕು ಎಂಬುದು ನನ್ನ ಅಭಿಪ್ರಾಯ. ಇದರಲ್ಲಿ ಒಂದು ಅಪಾಯವೂ ಇದೆ. ಅದನ್ನು ಮುಚ್ಚಿಡದೆ ಮುಂದೆ ಹೇಳುತ್ತೇನೆ.

ನಕ್ಷೆಯಲ್ಲಿ ಚುಕ್ಕಿ ಇಟ್ಟು ಕಾಯಿಲೆಯ ಮೂಲ ಹುಡುಕಿದ ಹಳೆಯ ಕಥೆಯೊಂದಿದೆ. 1854ರಲ್ಲಿ ಲಂಡನ್ನಿನ ಸೋಹೊ ಎಂಬ ಕಡೆ ಕಾಲರಾ ಬಿದ್ದು, ಹತ್ತು ದಿನಗಳಲ್ಲಿ ಐನೂರಕ್ಕೂ ಹೆಚ್ಚು ಜನ ಸತ್ತರು. ಕೆಟ್ಟ ಗಾಳಿಯಿಂದ ಕಾಲರಾ ಬರುತ್ತದೆ ಎಂದು ಆಗ ದೊಡ್ಡ ದೊಡ್ಡ ವೈದ್ಯರೇ ನಂಬಿದ್ದರು. ಜಾನ್ ಸ್ನೋ ಎಂಬ ಡಾಕ್ಟರು ಮಾತ್ರ ನೀರಿನ ಮೇಲೆ ಅನುಮಾನಪಟ್ಟರು. ಸತ್ತವರ ಮನೆಗಳನ್ನು ಗುರುತಿಸುತ್ತಾ ಹೋದಂತೆ, ಬ್ರಾಡ್ ಸ್ಟ್ರೀಟಿನ ಒಂದು ಕೈಪಂಪಿನ ಸುತ್ತಲೇ ಸಾವುಗಳು ಗುಂಪುಗಟ್ಟಿದ್ದವು. ಪಕ್ಕದಲ್ಲೇ ಇದ್ದ ಬಿಯರ್ ಕಾರ್ಖಾನೆಯ ಕೆಲಸಗಾರರಿಗೆ ಏನೂ ಆಗಿರಲಿಲ್ಲ. ಅವರಿಗೆ ಕಾರ್ಖಾನೆಯದೇ ಬಾವಿ ಇತ್ತು, ಕುಡಿಯಲು ಬಿಯರ್ ಇತ್ತು. ಸೆಪ್ಟೆಂಬರ್ 8ರಂದು ಆ ಪಂಪಿನ ಹಿಡಿಕೆ ಕಳಚಿದರು.

ಇಷ್ಟು ಕಥೆ ಬಹಳ ಕಡೆ ಬಂದಿದೆ. ನನಗೆ ಮುಖ್ಯ ಅನ್ನಿಸುವುದು ಇದರ ಮುಂದಿನ ಭಾಗ. ಅದೇ ಕೇರಿಯ ಪಾದ್ರಿ ಹೆನ್ರಿ ವೈಟ್‌ಹೆಡ್ ಅವರಿಗೆ ಸ್ನೋ ಮಾತಿನಲ್ಲಿ ನಂಬಿಕೆ ಇರಲಿಲ್ಲ. ಅದು ತಪ್ಪು ಎಂದು ತೋರಿಸಲೆಂದೇ ಅವರು ಮನೆಮನೆಗೆ ಹೋಗಿ ವಿಚಾರಿಸಿದರು. ಕೇರಿಯ ಜನರೆಲ್ಲ ಪರಿಚಯದವರಾದ್ದರಿಂದ ಬಾಗಿಲು ತೆರೆಯಿತು, ಬಾಯಿಯೂ ತೆರೆಯಿತು. ಕೊನೆಗೆ ಪಂಪಿನ ಎದುರು ಮನೆಯ ಒಬ್ಬ ತಾಯಿಯಿಂದ ಗುಟ್ಟು ಹೊರಬಿತ್ತು. ಊರಿಗೆಲ್ಲ ಕಾಲರಾ ಬರುವ ಮೊದಲೇ ಅವಳ ಕೂಸಿಗೆ ಭೇದಿಯಾಗಿತ್ತು. ಕೂಸಿನ ಬಟ್ಟೆ ತೊಳೆದ ನೀರನ್ನು ಅವಳು ಮನೆಯ ಮುಂದಿನ ಕೊಳಚೆ ಗುಂಡಿಗೆ ಸುರಿದಿದ್ದಳು. ಆ ಗುಂಡಿಗೂ ಪಂಪಿನ ಬಾವಿಗೂ ನಡುವೆ ಸುಮಾರು ಮೂರೇ ಅಡಿ ಅಂತರ. ನಕ್ಷೆ ತೋರಿಸಿದ್ದು ಪಂಪಿನವರೆಗೆ ಮಾತ್ರ. ಪಂಪಿಗೆ ವಿಷ ಬಂದ ದಾರಿ ಗೊತ್ತಾದದ್ದು ಕೂಸಿನ ಬಟ್ಟೆ ತೊಳೆದ ಹೆಂಗಸಿನ ಮಾತಿನಿಂದ.

ಈಗ ನಮ್ಮ ಕೊಟ್ಟಿಗೆಗೆ ಬರೋಣ. ಸಗಣಿ ಬಾಚುವವರು ನಾವು, ಕೆಚ್ಚಲು ತೊಳೆಯುವವರು ನಾವು, ಕರು ಹಾಕುವಾಗ ರಾತ್ರಿಯೆಲ್ಲ ಕೂರುವವರು ನಾವು. ಹಸು ಮೇವು ಬಿಟ್ಟ ಹೊತ್ತು, ಹಾಲು ಒಡೆದಂತೆ ಬಂದ ದಿನ, ಯಾವ ಮೊಲೆಯಲ್ಲಿ ಗಟ್ಟಿ ಬಂತು ಎಂಬುದು ಮನೆಯ ಗಂಡಸರಿಗಿಂತ ನಮಗೆ ಮೊದಲು ಗೊತ್ತಿರುತ್ತದೆ. ಆದರೆ ಡಾಕ್ಟರು ಬಂದಾಗ ಮಾತಾಡುವವರು ಯಾರು ಎಂದು ನೋಡಿ. ಇದನ್ನು ನಾನು ಜಗಳಕ್ಕೆ ಹೇಳುತ್ತಿಲ್ಲ. ಗೊತ್ತಿರುವವರ ಮಾತು ದಾಖಲೆಗೆ ಬರದಿದ್ದರೆ ಔಷಧಿಯೂ ಅಂದಾಜಿನ ಮೇಲೇ ನಡೆಯುತ್ತದೆ.

ನಕ್ಷೆಯ ಕೆಲಸ ಕಷ್ಟದ್ದಲ್ಲ. ಡೇರಿಯ ಕಂಪ್ಯೂಟರಿನಲ್ಲಿ ಸಂಘದ ಹೆಸರಿನ ಒಂದು ಜಿಮೇಲ್ ಖಾತೆಯಿಂದ 'ಗೂಗಲ್ ಮೈ ಮ್ಯಾಪ್ಸ್' ತೆರೆದರೆ, ಊರಿನ ಉಪಗ್ರಹ ಚಿತ್ರದ ಮೇಲೆ ನಮ್ಮದೇ ಗುರುತುಗಳನ್ನು ಹಾಕಬಹುದು. ಒಂದು ನಕ್ಷೆಗೆ ಹತ್ತು ಪದರಗಳವರೆಗೆ ಮಾಡಿಕೊಳ್ಳಬಹುದು. ಕೆಚ್ಚಲು ಬಾವಿಗೆ ಒಂದು ಪದರ, ಕಂದು ಹಾಕಿದ್ದಕ್ಕೆ ಒಂದು, ಜ್ವರ ಮತ್ತು ಗಂಟುಗಳಿಗೆ ಒಂದು, ಲಸಿಕೆ ಆದ ಕೊಟ್ಟಿಗೆಗಳಿಗೆ ಒಂದು, ಸತ್ತ ರಾಸು ಹೂತ ಜಾಗಕ್ಕೆ ಒಂದು. ಬೇಕಾದ ಪದರ ತೋರಿಸಿ ಬೇಡದ್ದನ್ನು ಮರೆಮಾಡಬಹುದು. ಪ್ರತಿ ಚುಕ್ಕಿಗೂ ದಿನಾಂಕ, ಎರಡು ಸಾಲು ವಿವರ, ಬೇಕಿದ್ದರೆ ಫೋಟೋ ಸೇರಿಸಬಹುದು. ರಾಸು ಚೇತರಿಸಿಕೊಂಡ ಮೇಲೆ ಚುಕ್ಕಿಯ ಬಣ್ಣ ಬದಲಿಸಬಹುದು. ಯಾರು ನೋಡಬೇಕು, ಯಾರು ತಿದ್ದಬಹುದು ಎಂಬುದನ್ನು ಬೇರೆ ಬೇರೆಯಾಗಿ ನಿಗದಿ ಮಾಡಬಹುದು. ಈ ಕೊನೆಯ ಮಾತನ್ನು ಗಮನದಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

"ನಮಗೆ ನಕ್ಷೆ ಓದೋಕೆ ಬರಲ್ಲ ಕಣಮ್ಮ" ಎನ್ನುವ ಹಿರಿಯರಿಗೆ ಒಂದು ಮಾತು. ಜಲಾನಯನ ಯೋಜನೆಯವರು ಬಂದಾಗ ದೇವಸ್ಥಾನದ ಮುಂದೆ ರಂಗೋಲಿ ಪುಡಿಯಲ್ಲಿ ಊರಿನ ನಕ್ಷೆ ಬರೆಸಿದ್ದು ಎಷ್ಟೋ ಊರುಗಳಲ್ಲಿ ನಡೆದಿದೆ. ಕೆರೆ ಎಲ್ಲಿ, ಗೋಮಾಳ ಎಲ್ಲಿ, ಯಾರ ಮನೆ ಎಲ್ಲಿ ಎಂದು ತಪ್ಪಿಲ್ಲದೆ ಬರೆದವರು ಹೆಂಗಸರೇ. ಮೊದಲ ಸಭೆಯಲ್ಲಿ ಹಾಗೆಯೇ ನೆಲದ ಮೇಲೆ ಬರೆದು, ಕಾಯಿಲೆ ಬಂದ ಕೊಟ್ಟಿಗೆಗೆ ಒಂದೊಂದು ಹುಣಸೆ ಬೀಜ ಇಡಿ. ಆಮೇಲೆ ಅದನ್ನು ಕಂಪ್ಯೂಟರಿಗೆ ಏರಿಸಲು ಓದಿದ ಒಬ್ಬ ಮಗಳೋ ಸೊಸೆಯೋ ಸಾಕು. ಮೊಬೈಲ್ ಗಂಡನ ಜೇಬಿನಲ್ಲಿರುವ ಮನೆಗಳು ಇನ್ನೂ ಬಹಳ ಇವೆ. ಹಾಗಾಗಿ ಫೋನ್ ಇದ್ದವರಿಗಷ್ಟೇ ನಕ್ಷೆ ಎಂದಾಗಬಾರದು. ಹಾಲು ಹಾಕಲು ಬಂದಾಗ ಬಾಯಲ್ಲಿ ಹೇಳಿದರೆ ಕಾರ್ಯದರ್ಶಿ ಚುಕ್ಕಿ ಹಾಕಬೇಕು.

ಸರಿ, ಚುಕ್ಕಿ ಹಾಕಿದಿರಿ. ಅದರಿಂದ ಏನು ಗೊತ್ತಾಗುತ್ತದೆ? ಕೆಚ್ಚಲು ಬಾವಿನ ಮಾತು ಬೇಗ ಮುಗಿಸುತ್ತೇನೆ. ಒಂದೇ ಬೀದಿಯಲ್ಲಿ ಚುಕ್ಕಿ ಸಾಲಾಗಿ ಬಿದ್ದರೆ, ಆ ಮನೆಗಳಿಗೆಲ್ಲ ಹಾಲು ಕರೆಯಲು ಒಬ್ಬರೇ ಬರುತ್ತಾರೆಯೇ, ಕರೆಯುವ ಯಂತ್ರ ಮನೆಯಿಂದ ಮನೆಗೆ ತಿರುಗುತ್ತಿದೆಯೇ ಎಂದು ಡಾಕ್ಟರು ಕೇಳುತ್ತಾರೆ. ಕೈಯಿಂದ, ಕೆಚ್ಚಲು ಒರೆಸುವ ಬಟ್ಟೆಯಿಂದ ಹರಡುವ ಬಾವೇ ಬೇರೆ, ಕೊಟ್ಟಿಗೆಯ ಕೆಸರಿನಿಂದ ಬರುವುದೇ ಬೇರೆ. ಮೊದಲನೆಯದಾದರೆ ಬಾವು ಇರುವ ರಾಸನ್ನು ಕೊನೆಗೆ ಕರೆಯಬೇಕು, ಕರೆದ ಮೇಲೆ ಮೊಲೆ ತೊಟ್ಟನ್ನು ಔಷಧಿ ದ್ರಾವಣದಲ್ಲಿ ಅದ್ದಬೇಕು. ಎರಡನೆಯದಾದರೆ ನೆಲ ಒಣಗಿಸಬೇಕು. ಹಾಗೆಂದು ಸಾಲು ಚುಕ್ಕಿ ಕಂಡ ತಕ್ಷಣ ಹಾಲು ಕರೆಯುವ ಬಡಪಾಯಿಯ ಮೇಲೆ ಗೂಬೆ ಕೂರಿಸಬೇಡಿ. ನಕ್ಷೆ ಅನುಮಾನವನ್ನು ಮಾತ್ರ ಹೇಳುತ್ತದೆ. ತೀರ್ಮಾನ ಹಾಲಿನ ಪರೀಕ್ಷೆಯಿಂದ ಬರಬೇಕು.

ನಾನು ಹೆಚ್ಚು ಹೇಳಬೇಕೆಂದಿರುವುದು ಕಂದು ಹಾಕುವುದರ ಬಗ್ಗೆ. ಗಬ್ಬದ ಹಸು ಐದಾರು ತಿಂಗಳು ದಾಟಿದ ಮೇಲೆ ಕಂದು ಹಾಕಿದರೆ ನಾವೇನು ಮಾಡುತ್ತೇವೆ? ಯಾರಿಗೂ ಹೇಳುವುದಿಲ್ಲ. "ದೃಷ್ಟಿ ಆಯ್ತು", "ಎಲ್ಲೋ ಗುದ್ದಿಸಿಕೊಂಡಿತು" ಎಂದು ಸುಮ್ಮನಾಗುತ್ತೇವೆ. ಹಸುವನ್ನು ಮಾರಬೇಕಾದೀತು, ಬೆಲೆ ಬಿದ್ದೀತು ಎಂಬ ಭಯ. ಹೀಗೆ ಒಂದು ಕೇರಿಯಲ್ಲಿ ಒಂದೇ ವರ್ಷ ನಾಲ್ಕು ಮನೆಯಲ್ಲಿ ಕಂದು ಬಿದ್ದರೂ, ನಾಲ್ವರೂ ತಮ್ಮದೊಂದೇ ಎಂದುಕೊಂಡಿರುತ್ತಾರೆ. ನಾಲ್ಕು ಚುಕ್ಕಿ ಒಂದು ಕಡೆ ಬಿದ್ದರೆ ಡಾಕ್ಟರು ಕೇಳುವ ಮೊದಲ ಪ್ರಶ್ನೆ, ಇದು ಬ್ರೂಸೆಲ್ಲಾ ಇರಬಹುದೇ ಎಂದು. ನಮ್ಮ ಕಡೆ ಕಂದು ರೋಗ ಎನ್ನುವುದು ಇದನ್ನೇ. ರಕ್ತ ಪರೀಕ್ಷೆ ಮಾಡಿಸಿದರೆ ತಿಳಿಯುತ್ತದೆ.

ಕಂದು ರೋಗ ಹಸುವಿಗಷ್ಟೇ ನಿಲ್ಲುವುದಿಲ್ಲ, ಮನುಷ್ಯರಿಗೂ ಬರುತ್ತದೆ. ಕಂದು ಬಿದ್ದಾಗ ಮಾಸನ್ನು ಬರಿಗೈಯಲ್ಲಿ ತೆಗೆಯುವವರು, ನೆಲ ಬಳಿಯುವವರು ಯಾರು? ಕೈಯಲ್ಲಿ ಕುಡುಗೋಲಿನ ಗಾಯ ಇದ್ದರೂ ಅದೇ ಕೈ. ಬಿಟ್ಟು ಬಿಟ್ಟು ಬರುವ ಜ್ವರ, ರಾತ್ರಿ ಬೆವರು, ಸೊಂಟ ಮತ್ತು ಕೀಲುಗಳ ನೋವು ಈ ರೋಗದ ಲಕ್ಷಣ. ದುಡಿಯುವ ಹೆಂಗಸಿಗೆ ಸೊಂಟ ನೋವು ಇದ್ದದ್ದೇ ಎಂದು ಮನೆಯವರೂ ಬಿಡುತ್ತಾರೆ, ಅವಳೂ ಬಿಡುತ್ತಾಳೆ. ಹಾಗಾಗಿ ಕಂದು ಬಿದ್ದ ಚುಕ್ಕಿಯನ್ನು ಹಸುವಿನ ದಾಖಲೆ ಎಂದಷ್ಟೇ ನೋಡಬೇಡಿ, ನಿಮ್ಮ ಮೈಯ ದಾಖಲೆಯೂ ಹೌದು. ಚುಕ್ಕಿ ಬಿದ್ದ ಮನೆಯ ಹೆಂಗಸಿಗೆ ಜ್ವರ ಬಂದರೆ, ಆಸ್ಪತ್ರೆಯಲ್ಲಿ "ನಮ್ಮ ಹಸು ಕಂದು ಹಾಕಿತ್ತು" ಎಂದು ಮೊದಲು ಹೇಳಬೇಕು. ಕೇಳದೆ ಇದ್ದರೂ ಹೇಳಬೇಕು. ಹೆಣ್ಣು ಕರುಗಳಿಗೆ ನಾಲ್ಕರಿಂದ ಎಂಟು ತಿಂಗಳ ವಯಸ್ಸಿನೊಳಗೆ ಒಮ್ಮೆ ಹಾಕಿಸುವ ಲಸಿಕೆ ಇದೆ. ಯಾವ ಕೊಟ್ಟಿಗೆಯಲ್ಲಿ ಆ ವಯಸ್ಸಿನ ಕರು ಇದೆ ಎಂಬುದನ್ನೂ ಅದೇ ನಕ್ಷೆಯಲ್ಲಿ ಗುರುತಿಸಿಟ್ಟರೆ, ಲಸಿಕೆ ಹಾಕುವವರು ಒಂದು ಕರುವನ್ನೂ ಬಿಡದೆ ಹಾಕಿ ಹೋಗಬಹುದು. ಕೈಗವಸು ಡೇರಿಯಲ್ಲೇ ಸಿಗುವಂತಾಗಬೇಕು ಎಂಬುದು ಬೇರೆ ಮಾತು, ಅದನ್ನೂ ಕೇಳುತ್ತಲೇ ಇರೋಣ.

ಇನ್ನೊಂದು ಪದರವನ್ನು ಯಾರೂ ಅಷ್ಟಾಗಿ ಯೋಚಿಸುವುದಿಲ್ಲ. ಅದು ಹೂತ ಜಾಗದ್ದು. ನೆರಡಿ ರೋಗ, ಅಂದರೆ ಆಂಥ್ರಾಕ್ಸ್, ರಾಸನ್ನು ಹಠಾತ್ತನೆ ಕೊಲ್ಲುತ್ತದೆ. ಮೂಗು, ಬಾಯಿ, ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಸೋರುವುದು ಅದರ ಗುರುತು. ಅಂಥ ಹೆಣವನ್ನು ಕೊಯ್ಯಬಾರದು, ಚರ್ಮ ಸುಲಿಯಬಾರದು, ಆಳವಾದ ಗುಂಡಿ ತೆಗೆದು ಸುಣ್ಣ ಹಾಕಿ ಹೂಳಬೇಕು. ಇದರ ರೋಗಾಣುವಿನ ಬೀಜಗಳು ಮಣ್ಣಿನಲ್ಲಿ ಹತ್ತಾರು ವರ್ಷ ಸಾಯದೆ ಉಳಿಯುತ್ತವೆ. ಹೂತ ಅಜ್ಜ ಹೋಗಿರುತ್ತಾರೆ, ಜಮೀನು ಮಾರಿಹೋಗಿರುತ್ತದೆ, ಹೊಸಬರು ಅಲ್ಲಿ ಜೆಸಿಬಿ ತಂದು ಅಗೆಯುತ್ತಾರೆ ಅಥವಾ ಮೇವು ಕೊಯ್ಯುತ್ತಾರೆ. ಊರಿನ ನೆನಪು ಇಪ್ಪತ್ತು ವರ್ಷದಲ್ಲಿ ಅಳಿಸಿಹೋಗುತ್ತದೆ. ನಕ್ಷೆಯ ಚುಕ್ಕಿ ಉಳಿಯುತ್ತದೆ. ಮಲೆನಾಡಿನ ಅಕ್ಕಂದಿರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಮಂಗನ ಕಾಯಿಲೆ ಪತ್ತೆಯಾದಂದಿನಿಂದ, ಮಂಗ ಸತ್ತುಬಿದ್ದ ಜಾಗ ಎಲ್ಲಿ ಎಂಬುದೇ ಅಲ್ಲಿ ಮುಖ್ಯ ಸುದ್ದಿ. ಆ ಕಾಡಿಗೆ ಮೇಯಲು ಹೋದ ದನ ಉಣ್ಣೆಗಳನ್ನು ಮನೆಗೆ ಹೊತ್ತು ತರುತ್ತದೆ. ಮಂಗ ಸತ್ತ ಜಾಗ ನಕ್ಷೆಯಲ್ಲಿದ್ದರೆ, ನಾಳೆ ದನವನ್ನು ಯಾವ ಕಡೆ ಹೊಡೆಯಬಾರದು ಎಂಬುದು ಎಲ್ಲರಿಗೂ ಗೊತ್ತಾಗುತ್ತದೆ.

ಈಗ ಅಪಾಯದ ಮಾತು. ನಮ್ಮ ಮನೆ ಮೇಲೆ ಕೆಂಪು ಚುಕ್ಕಿ ಬಿದ್ದರೆ ನಾಳೆ ಡೇರಿಯಲ್ಲಿ ಹಾಲು ಹಾಕಿಸಿಕೊಳ್ಳುತ್ತಾರಾ? ಕಡಸು ಕೊಳ್ಳಲು ಬಂದ ದಲ್ಲಾಳಿ ಫೋನಿನಲ್ಲಿ ನಕ್ಷೆ ತೋರಿಸಿ ಬೆಲೆ ಇಳಿಸುವುದಿಲ್ಲವೇ? ವಿಮೆಯವರು ತಕರಾರು ತೆಗೆಯುವುದಿಲ್ಲವೇ? ಈ ಭಯ ಸುಳ್ಳಲ್ಲ. ಎಷ್ಟೋ ಮನೆಗಳಲ್ಲಿ ಹೆಂಗಸಿನ ಹೆಸರಿಗೆ ಬರುವ ದುಡ್ಡು ಅಂದರೆ ಹಾಲಿನ ಬಟವಾಡೆ ಒಂದೇ. ಅದಕ್ಕೆ ಕುತ್ತು ಬರುತ್ತದೆ ಎಂದಾದರೆ ಯಾರೂ ನಿಜ ಹೇಳುವುದಿಲ್ಲ. ನಿಜ ಹೇಳದ ನಕ್ಷೆ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಕಾಯಿಲೆ ಇಲ್ಲ ಎಂದು ಅದು ಸುಳ್ಳು ಧೈರ್ಯ ಕೊಡುವುದರಿಂದ ಇನ್ನೂ ಕೆಟ್ಟದ್ದು.

ಅದಕ್ಕೇ ನಕ್ಷೆ ಯಾರ ಕೈಯಲ್ಲಿರಬೇಕು ಎಂಬುದು, ನಕ್ಷೆ ಬೇಕೋ ಬೇಡವೋ ಎನ್ನುವುದಕ್ಕಿಂತ ದೊಡ್ಡ ಪ್ರಶ್ನೆ. ನನ್ನ ಮಟ್ಟಿಗೆ ಉತ್ತರ ಸ್ಪಷ್ಟ. ಅದು ಸಂಘದ ಸದಸ್ಯೆಯರ ಕೈಯಲ್ಲಿರಬೇಕು. ಚುಕ್ಕಿಯ ಮೇಲೆ ಯಜಮಾನರ ಹೆಸರಾಗಲಿ, ಕಿವಿಯೋಲೆಯ 12 ಅಂಕಿಯಾಗಲಿ, ಫೋನ್ ನಂಬರಾಗಲಿ ಇರಬಾರದು. ಬರಿಯ ಕ್ರಮಸಂಖ್ಯೆ ಇರಲಿ. ಆ ಸಂಖ್ಯೆ ಯಾರದು ಎಂಬುದು ಡೇರಿಯ ಬೀರುವಿನಲ್ಲಿರುವ ಪುಸ್ತಕದಲ್ಲಿರಲಿ. ಚಿಕ್ಕ ಊರಿನಲ್ಲಿ ಚುಕ್ಕಿ ನೋಡಿದರೆ ಮನೆ ತಿಳಿದೇ ತಿಳಿಯುತ್ತದೆ. ಹಾಗಾಗಿ ಚುಕ್ಕಿಯನ್ನು ಮನೆಯ ಮೇಲಲ್ಲ, ಕೇರಿಯ ಮಧ್ಯಕ್ಕೆ ಇಡಿ. ಡಾಕ್ಟರಿಗೆ ಕೇರಿ ಗೊತ್ತಾದರೆ ಮೊದಲ ಮಾತಿಗೆ ಸಾಕು, ಮನೆ ಬೇಕಾದಾಗ ಪುಸ್ತಕ ನೋಡುತ್ತಾರೆ. ಹೂತ ಜಾಗ ಮಾತ್ರ ಕರಾರುವಾಕ್ಕಾಗಿರಲಿ. ನೋಡುವ ಹಕ್ಕು ಸದಸ್ಯೆಯರಿಗೆ ಮತ್ತು ಡಾಕ್ಟರಿಗೆ, ತಿದ್ದುವ ಹಕ್ಕು ಸಂಘ ಆರಿಸಿದ ಇಬ್ಬರಿಗೆ. ಹಂಚಿಕೊಳ್ಳುವಾಗ 'ಲಿಂಕ್ ಇರುವ ಯಾರಾದರೂ ನೋಡಬಹುದು' ಎಂಬುದನ್ನು ಒತ್ತಲೇಬಾರದು. ಒತ್ತಿದರೆ ಆ ಲಿಂಕು ದಲ್ಲಾಳಿಯ ಫೋನಿಗೆ ಹೋಗಲು ಒಂದು ದಿನ ಸಾಕು. ಮತ್ತೆ, ನಮ್ಮ ಕೊಟ್ಟಿಗೆಯ ಚುಕ್ಕಿ ನಾವೇ ಹೇಳಿ ಹಾಕಿಸಬೇಕು. ಅತ್ತಿಗೆ ನಾದಿನಿ ಜಗಳದಲ್ಲಿ ಒಬ್ಬರ ಮನೆಗೆ ಇನ್ನೊಬ್ಬರು ಚುಕ್ಕಿ ಹಾಕಿಸುವಂತಾಗಬಾರದು!

ಹೆಸರು ಮುಚ್ಚಿಡುವುದು ಎಂದರೆ ಕಾಯಿಲೆ ಮುಚ್ಚಿಡುವುದಲ್ಲ. ಆ್ಯಂಟಿಬಯೋಟಿಕ್ ಸೂಜಿ ಹಾಕಿಸಿದ ಹಸುವಿನ ಹಾಲನ್ನು ಡಾಕ್ಟರು ಹೇಳಿದಷ್ಟು ದಿನ ಡೇರಿಗೆ ಹಾಕಬಾರದು, ಚುಕ್ಕಿ ಇರಲಿ ಬಿಡಲಿ. ಕಾಲುಬಾಯಿ ಜ್ವರದಂಥ ಅಂಟುರೋಗದ ಅನುಮಾನ ಬಂದರೆ ಮಾಲೀಕರು ವರದಿ ಮಾಡಬೇಕೆಂದು 2009ರ ಕೇಂದ್ರ ಕಾಯ್ದೆಯೇ ಇದೆ. ನಕ್ಷೆಯಲ್ಲಿ ಹಾಕಿದೆವು ಎಂದು ಪಶು ಆಸ್ಪತ್ರೆಗೆ ಹೇಳದೆ ಇರುವಂತಿಲ್ಲ. ಕಾಲುಬಾಯಿಯಲ್ಲಂತೂ ಬಾಯಿ ಹುಣ್ಣು ಕಾಣುವ ಮೊದಲೇ ವೈರಸ್ ಹೊರಬೀಳಲು ಶುರುವಾಗಿರುತ್ತದೆ. ನಾವು ತಡಮಾಡಿದ ಒಂದು ದಿನ ಪಕ್ಕದ ಕೇರಿಗೆ ಸಾಲ. ತುರ್ತಿದ್ದಾಗ 1962ಕ್ಕೆ ಕರೆ ಮಾಡಿ. ಸಂಚಾರಿ ಪಶು ಚಿಕಿತ್ಸಾ ವಾಹನದವರಿಗೆ ತೋಟದ ಮನೆಯ ದಾರಿ ಹೇಳಲು ಫೋನಿನಿಂದ ಲೊಕೇಶನ್ ಕಳಿಸಿದರೆ ಸಾಕು, "ಹುಣಸೆ ಮರದ ಹತ್ತಿರ ಎಡಕ್ಕೆ" ಎಂದು ನಾಲ್ಕು ಸಲ ಕೂಗುವುದು ತಪ್ಪುತ್ತದೆ.

ಸಭೆ ಹೇಗಿರಬೇಕು ಎಂದೂ ಹೇಳಿಬಿಡುತ್ತೇನೆ. ತಿಂಗಳಿಗೊಮ್ಮೆ, ಬಟವಾಡೆಯ ದಿನ, ಸಂಜೆ ಹಾಲು ಮುಗಿದ ಮೇಲೆ ಮುಕ್ಕಾಲು ಗಂಟೆ. ಗೋಡೆಯ ಮೇಲೋ ಕಂಪ್ಯೂಟರ್ ಪರದೆಯ ಮೇಲೋ ನಕ್ಷೆ. ಹೊಸ ಚುಕ್ಕಿ ಒಂದೊಂದಕ್ಕೂ ಅದನ್ನು ಹಾಕಿಸಿದವರೇ ಮಾತಾಡಬೇಕು. ಯಾವತ್ತು ಏನು ಕಂಡಿತು, ಹೊಸ ಮೇವು ತಂದಿದ್ದೆವೇ, ಸಂತೆಯಿಂದ ರಾಸು ತಂದಿದ್ದೆವೇ, ನೀರು ಎಲ್ಲಿಯದು, ಏನು ಔಷಧಿ, ಎಷ್ಟು ದಿನಕ್ಕೆ ಗುಣ. ಡಾಕ್ಟರು ಕೊನೆಗೆ ಮಾತಾಡಲಿ. ಮೊದಲೇ ಮಾತಾಡಿದರೆ ನಾವೆಲ್ಲ "ಹೌದು ಸಾರ್" ಎಂದು ಸುಮ್ಮನಾಗಿಬಿಡುತ್ತೇವೆ, ಗೊತ್ತಲ್ಲ. ಮೊದಲ ಎರಡು ತಿಂಗಳು ಏನೂ ಕಾಣದೆ ಹೋಗಬಹುದು. ಮಳೆಗಾಲ, ಬೇಸಿಗೆ ಎರಡೂ ಕಳೆದ ಮೇಲೆ ಹಿಂದಿನ ವರ್ಷದ ಚುಕ್ಕಿಗಳ ಪಕ್ಕ ಈ ವರ್ಷದವನ್ನು ಇಟ್ಟು ನೋಡಿದಾಗ ಮಾತು ಬೇರೆಯಾಗುತ್ತದೆ.

ಇಷ್ಟಕ್ಕೆಲ್ಲ ಒಕ್ಕೂಟದಿಂದ ದುಡ್ಡು ಬೇಡ. ಒಂದು ಮಾತು ಬೇಕು, ಅದೂ ಬರವಣಿಗೆಯಲ್ಲಿ. ಈ ಸಲದ ವಾರ್ಷಿಕ ಮಹಾಸಭೆಯಲ್ಲಿ ಅದನ್ನು ಕೇಳಿ ಎಂದು ನಿಮ್ಮಲ್ಲಿ ನನ್ನ ಬಿನ್ನಹ. ನಡವಳಿ ಪುಸ್ತಕದಲ್ಲಿ ಹೀಗೆ ಬರೆಸಿ: "ಸಂಘದ ಕಾಯಿಲೆ ನಕ್ಷೆಯಲ್ಲಿ ಗುರುತು ಇದೆ ಎಂಬ ಕಾರಣಕ್ಕೆ ಯಾವ ಸದಸ್ಯೆಯ ಹಾಲನ್ನೂ ನಿರಾಕರಿಸತಕ್ಕದ್ದಲ್ಲ, ದರ ಕಡಿತ ಮಾಡತಕ್ಕದ್ದಲ್ಲ. ಹಾಲಿನ ತೀರ್ಮಾನ ಹಾಲಿನ ಪರೀಕ್ಷೆಯಿಂದ ಮಾತ್ರ. ನಕ್ಷೆಯನ್ನು ಸದಸ್ಯೆಯರ ಒಪ್ಪಿಗೆ ಇಲ್ಲದೆ ಹೊರಗಿನವರಿಗೆ ಕೊಡತಕ್ಕದ್ದಲ್ಲ." ಕೆಳಗೆ ಅಧ್ಯಕ್ಷರ ಸಹಿ, ಕಾರ್ಯದರ್ಶಿಯ ಸಹಿ, ಒಕ್ಕೂಟದ ಮೇಲ್ವಿಚಾರಕರ ಸಹಿ. ಮೊದಲ ಚುಕ್ಕಿ ಅದಾದ ಮಾರನೇ ದಿನ ಹಾಕಿಸಿ.